ಅಂಗಳ ಡೊಂಕಲ್ಲ, ಅಗಲ

ಕೇಳುಗರೆಲ್ಲರಿಗೂ ನಮಸ್ಕಾರ.

ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಸೋತವರು ಬಾಯಿ ತೆರೆಯುವ ಮೊದಲೇ ನಾವು ಈ ಗಾದೆಯನ್ನು ಅವರ ಮುಖಕ್ಕೆ ಹಿಡಿಯುತ್ತೇವೆ. ಇವತ್ತು ನಾನು ಆ ಹೆಣ್ಣುಮಗಳ ಪರ ವಕಾಲತ್ತು ಹಾಕಲು ಬಂದಿದ್ದೇನೆ. ಯಾಕೆಂದರೆ ಒಂದು ಆಟವಿದೆ. ಅದರಲ್ಲಿ ಒಂದೂರಿನ ಅಂಗಳದ ಅಳತೆ ಇನ್ನೊಂದೂರಿನ ಅಂಗಳಕ್ಕಿಲ್ಲ. ಇರಬೇಕು ಅಂತ ನಿಯಮವೂ ಇಲ್ಲ.

ನಾನಿರುವುದು ಆಸ್ಟ್ರೇಲಿಯಾದ ಪಶ್ಚಿಮ ತೀರದ ಪರ್ತ್‌ನಲ್ಲಿ. ಇಲ್ಲಿ ಚಳಿಗಾಲ ಕಾಲಿಟ್ಟಿತೆಂದರೆ ಊರಿಗೆ ಊರೇ 'ಫೂಟಿ' ಅನ್ನುತ್ತದೆ. ನಾವು ಫುಟ್‌ಬಾಲ್ ಅಂತ ಕರೆಯುವ ಆಟ ಇದಲ್ಲ, ಇದು ಆಸ್ಟ್ರೇಲಿಯನ್ ರೂಲ್ಸ್. ಕ್ರಿಕೆಟಿಗರ ಮೈ ಚಳಿಗಾಲದಲ್ಲಿ ಜಡ್ಡುಗಟ್ಟಬಾರದು ಅಂತ ಮೆಲ್ಬರ್ನ್‌ನಲ್ಲಿ ಹುಟ್ಟಿದ ಆಟ. 1859ರಲ್ಲಿ ಅದರ ಮೊದಲ ನಿಯಮಗಳನ್ನು ಬರೆದಿಟ್ಟರು. ಕ್ರಿಕೆಟಿಗರ ಆಟವಾದ್ದರಿಂದ ಇವತ್ತಿಗೂ ಮೊಟ್ಟೆಯಾಕಾರದ ಮೈದಾನದಲ್ಲೇ ಆಡುತ್ತಾರೆ. ಕಡೆಗೆ ಹದಿನೆಂಟು ಜನ. ಚೆಂಡೂ ಮೊಟ್ಟೆಯಾಕಾರದ್ದೇ. ಒಂದೊಂದು ತುದಿಗೆ ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಗೋಲು, ಆರು ಅಂಕ. ಅದರ ಪಕ್ಕದಲ್ಲಿ ಹೋದರೆ ಬಿಹೈಂಡ್, ಒಂದೇ ಅಂಕ. ಆಫ್‌ಸೈಡ್ ಅನ್ನುವ ಕಿರಿಕಿರಿ ಇಲ್ಲ.

ಇನ್ನೊಂದು ನಿಯಮವನ್ನು ನೀವು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ಒಬ್ಬ ಒದ್ದ ಚೆಂಡು ಕನಿಷ್ಠ 15 ಮೀಟರ್ ಹಾರಿ, ನೆಲ ಮುಟ್ಟದೆ, ಇನ್ನೊಬ್ಬನ ಕೈಗೆ ಬಿದ್ದರೆ ಅದು 'ಮಾರ್ಕ್'. ಮಾರ್ಕ್ ಹಿಡಿದವನನ್ನು ಯಾರೂ ಮುಟ್ಟುವಂತಿಲ್ಲ. ಅವನು ಉಸಿರು ತೆಗೆದುಕೊಂಡು, ಕಣ್ಣಾಡಿಸಿ, ಮುಂದೆ ಯಾರಿಗೆ ಕೊಡಬೇಕೋ ಅವರಿಗೆ ಒದೆಯಬಹುದು. ಇಷ್ಟು ಗದ್ದಲದ ಆಟದಲ್ಲಿ ಈ ಮಾರ್ಕ್ ಒಂದು ಜಗಲಿಯಿದ್ದಂತೆ. ಅಲ್ಲಿ ಕೂತವನಿಗೆ ಮಳೆ ತಾಗುವುದಿಲ್ಲ.

ನಮ್ಮೂರಿನ ತಂಡ ವೆಸ್ಟ್ ಕೋಸ್ಟ್ ಈಗಲ್ಸ್. 1987ರಲ್ಲಿ ದೊಡ್ಡ ಲೀಗ್‌ಗೆ ಬಂತು. ಇದರ ಬಗ್ಗೆ ಮೆಲ್ಬರ್ನ್‌ನವರು ಬಹಳ ವರ್ಷಗಳಿಂದ ಆಡುತ್ತಿದ್ದ ಮಾತು ನಮ್ಮ 'ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ' ಅನ್ನುವುದರ ತದ್ರೂಪು. ಪರ್ತ್‌ನಲ್ಲಿ ಗೆಲ್ಲುತ್ತಾರೆ. ಹೊರಗೆ ಹೋಗಿ ಸಾಧಾರಣ ತಂಡ ಸಿಕ್ಕರೆ ಅದನ್ನೂ ಗೆಲ್ಲುತ್ತಾರೆ. ಹೊರಗೆ ಹೋಗಿ ಗಟ್ಟಿ ತಂಡ ಸಿಕ್ಕಿತೋ, ಕತೆ ಮುಗಿಯಿತು. ಎದೆಗಾರಿಕೆ ಇಲ್ಲ ಅನ್ನುವುದು ಅವರ ತೀರ್ಪು. ನನಗೆ ಈ ಎದೆಗಾರಿಕೆಯ ಮಾತು ಯಾವತ್ತೂ ಒಪ್ಪಿಗೆಯಾಗಿಲ್ಲ. ಶುಕ್ರವಾರ ಇದ್ದ ಎದೆ ಇನ್ನೊಂದು ಶನಿವಾರ ಎಲ್ಲಿಗೆ ಹೋಗುತ್ತದೆ?

2015ನೇ ಇಸವಿಯನ್ನೇ ನೋಡಿ. ಸೆಪ್ಟೆಂಬರ್ 11, ಶುಕ್ರವಾರ ರಾತ್ರಿ. ಪರ್ತ್‌ನ ಸುಬಿಯಾಕೊ ಮೈದಾನ, ಈಗಲ್ಸ್‌ನ ಆಗಿನ ಮನೆ. ಕ್ವಾಲಿಫೈಯಿಂಗ್ ಫೈನಲ್, ಅಂದರೆ ಕಪ್ಪಿಗಾಗಿ ನಡೆಯುವ ಫೈನಲ್ ಸರಣಿಯ ಮೊದಲ ಪಂದ್ಯ; ಸೋತವರಿಗೂ ಇನ್ನೊಂದು ಅವಕಾಶ ಉಳಿದಿರುತ್ತದೆ. ಎದುರಿಗೆ ಹಾಥಾರ್ನ್, ಹಿಂದಿನ ಎರಡು ವರ್ಷವೂ ಚಾಂಪಿಯನ್ ಆಗಿದ್ದ ಮೆಲ್ಬರ್ನ್ ತಂಡ. ಆ ರಾತ್ರಿ ನಾನು ಸ್ಟ್ಯಾಂಡಿನಲ್ಲಿದ್ದೆ. ಆಟ ಪೂರ್ತಿ ಅರ್ಥವಾಗದ ದಿನಗಳವು. ಆದರೂ ಎದುರಾಳಿ ಚೆಂಡು ಹಿಡಿದು ಸಿಕ್ಕಿಬಿದ್ದಾಗಲೆಲ್ಲ ನಲವತ್ತು ಸಾವಿರ ಜನರ ಜೊತೆ ನಾನೂ 'ಬಾ...ಲ್!' ಅಂತ ಕಿರುಚಿದೆ. ಹಾಗೆಂದರೆ, ಚೆಂಡು ಬಿಡದೆ ಇಟ್ಟುಕೊಂಡಿದ್ದಾನೆ, ದಂಡ ಹಾಕಿ ಅಂತ ಅಂಪೈರ್‌ಗೆ ಕೊಡುವ ಅರ್ಜಿ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ನೀಲಿ ಹಳದಿ ಮಫ್ಲರ್ ಸುತ್ತಿಕೊಂಡು, ಥರ್ಮಾಸ್‌ನಿಂದ ಚಹಾ ಬಗ್ಗಿಸುತ್ತಿದ್ದವರು, ಚಹಾ ಒಂದು ತೊಟ್ಟೂ ಚೆಲ್ಲದ ಹಾಗೆ ಅದೇ ಅರ್ಜಿ ಹಾಕುತ್ತಿದ್ದರು. ಈಗಲ್ಸ್ 96, ಹಾಥಾರ್ನ್ 64. ಮೂವತ್ತೆರಡು ಅಂಕಗಳ ಗೆಲುವು.

ಮೂರು ವಾರ ಕಳೆಯಿತು. ಅಕ್ಟೋಬರ್ 3, ಕಪ್ಪು ಯಾರಿಗೆ ಅನ್ನುವುದು ತೀರ್ಮಾನವಾಗುವ ಗ್ರ್ಯಾಂಡ್ ಫೈನಲ್. ಅವೇ ಎರಡು ತಂಡಗಳು. ಜಾಗ ಮಾತ್ರ ಬೇರೆ, ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್. ಹಾಥಾರ್ನ್ 107, ಈಗಲ್ಸ್ 61. ನಲವತ್ತಾರು ಅಂಕಗಳ ಸೋಲು. ಆ ಸೀಸನ್ನಿನಲ್ಲಿ ಇಡೀ ಲೀಗ್‌ನಲ್ಲೇ ಹೆಚ್ಚು ಗೋಲು ಹೊಡೆದು ಕೋಲ್ಮನ್ ಪದಕ ಗೆದ್ದಿದ್ದ ಜೋಶ್ ಕೆನಡಿಗೆ ಆ ದಿನ ಒಂದು ಗೋಲೂ ದಕ್ಕಲಿಲ್ಲ. ಮೂವತ್ತೆರಡು ಈ ಕಡೆ, ನಲವತ್ತಾರು ಆ ಕಡೆ. ಇಪ್ಪತ್ತೆರಡು ದಿನಗಳಲ್ಲಿ ತಕ್ಕಡಿ ಎಪ್ಪತ್ತೆಂಟು ಅಂಕ ವಾಲಿತು.

ಇದಕ್ಕೆ ಎಲ್ಲರ ಬಳಿಯೂ ಸಿದ್ಧ ಉತ್ತರವಿದೆ: ಪ್ರಯಾಣ. ಪರ್ತ್‌ನಿಂದ ಮೆಲ್ಬರ್ನ್‌ಗೆ ಸುಮಾರು 2,700 ಕಿಲೋಮೀಟರ್. ಬೆಂಗಳೂರಿನಿಂದ ದೆಹಲಿಗೆ ಹಾರಿ, ಇಳಿಯದೆ ಇನ್ನೂ ಸಾವಿರ ಕಿಲೋಮೀಟರ್ ಹೋದ ಹಾಗೆ. ಗಡಿಯಾರ ಎರಡು ಗಂಟೆ ಮುಂದೆ ತಿರುಗಿಸಬೇಕು, ಬೇಸಿಗೆಯ ಸಮಯ ಜಾರಿಯಲ್ಲಿದ್ದರೆ ಮೂರು. ಲೀಗ್‌ನ ಹದಿನೆಂಟು ತಂಡಗಳಲ್ಲಿ ಹತ್ತು ವಿಕ್ಟೋರಿಯಾ ರಾಜ್ಯದವು, ಅದರಲ್ಲಿ ಒಂಬತ್ತು ಮೆಲ್ಬರ್ನ್ ನಗರದವೇ. ಅವರ 'ಹೊರಗಿನ ಪಂದ್ಯ' ಎಷ್ಟೋ ಸಲ ಟ್ರಾಮ್ ಹತ್ತಿ ಹೋಗಿಬರುವಷ್ಟು ದೂರ. ನಮ್ಮ ಹುಡುಗರು ಹೆಚ್ಚುಕಡಿಮೆ ಎರಡು ವಾರಕ್ಕೊಮ್ಮೆ, ಆರೂವರೆ ಅಡಿ ದೇಹವನ್ನು ವಿಮಾನದ ಸೀಟಿನಲ್ಲಿ ಮಡಿಸಿಕೊಂಡು ಖಂಡ ದಾಟಬೇಕು. ಏಟು ತಿಂದ ತೊಡೆ ಹಾಗೆ ಮಡಿಸಿಕೊಂಡೇ ಊದಿಕೊಳ್ಳುತ್ತದೆ. ಬರುವಾಗ ಎದುರುಗಾಳಿ ಬೇರೆ. ಪಶ್ಚಿಮಕ್ಕೆ ಬರುವ ವಿಮಾನ ಪೂರ್ವಕ್ಕೆ ಹೋಗುವ ವಿಮಾನಕ್ಕಿಂತ ನಿಧಾನ.

ಇದೆಲ್ಲ ನಿಜವಾದ ಕಷ್ಟ, ನಾನು ಅಲ್ಲಗಳೆಯುವುದಿಲ್ಲ. ಆದರೆ 2015ರ ಸೋಲನ್ನು ಇದರ ತಲೆಗೆ ಕಟ್ಟಲು ಬರುವುದಿಲ್ಲ. ಆ ಫೈನಲ್ ಸರಣಿಯಲ್ಲಿ ಈಗಲ್ಸ್ ಮೊದಲ ಎರಡೂ ಪಂದ್ಯಗಳನ್ನು ಮನೆಯಲ್ಲೇ ಆಡಿತು. ವಿಮಾನ ಹತ್ತಿದ್ದು ಒಂದೇ ಸಲ. ಹಾಥಾರ್ನ್? ಪರ್ತ್‌ಗೆ ಬಂದು ನಮ್ಮೆದುರು ಸೋತಿತು, ವಾಪಸ್ಸು ಹೋಗಿ ಅಡಿಲೇಡನ್ನು ಸೋಲಿಸಿತು, ಮತ್ತೆ ಪರ್ತ್‌ಗೆ ಬಂದು ಇದೇ ಸುಬಿಯಾಕೊದಲ್ಲಿ ನಮ್ಮೂರಿನ ಇನ್ನೊಂದು ತಂಡ ಫ್ರೀಮ್ಯಾಂಟಲ್‌ಗೆ 27 ಅಂಕಗಳಿಂದ ಮಣ್ಣು ಮುಕ್ಕಿಸಿತು, ಮತ್ತೆ ಹಾರಿತು. ದಣಿಯಬೇಕಾಗಿದ್ದವರು ಅವರು. ಬಿಸಿಲೂ ನೆಪವಾಗಲಿಲ್ಲ. ಆ ಮಧ್ಯಾಹ್ನ ಮೆಲ್ಬರ್ನ್‌ನಲ್ಲಿ 31 ಡಿಗ್ರಿ. ಪರ್ತ್‌ನವರಿಗೆ ಅದು ಬಿಸಿಲಲ್ಲ, ಬಿಸಿಲಿನ ಪೀಠಿಕೆ.

ಹಾಗಾದರೆ ಏನು? ನನ್ನ ಉತ್ತರ ಒಂದು ಟೇಪಿನಲ್ಲಿದೆ. ಅಳತೆ ಟೇಪು.

ಈ ಆಟದ ನಿಯಮ ಪುಸ್ತಕ ಮೈದಾನದ ಅಳತೆಯ ವಿಷಯದಲ್ಲಿ ಬಹಳ ಧಾರಾಳಿ. ಉದ್ದ 135ರಿಂದ 185 ಮೀಟರ್ ಎಷ್ಟಾದರೂ ಇರಲಿ, ಅಗಲ 110ರಿಂದ 155 ಎಷ್ಟಾದರೂ ಇರಲಿ. ಸುಬಿಯಾಕೊದ ಉದ್ದ 175, ಅಗಲ 122 ಇತ್ತು, ಸೌತೆಕಾಯಿಯಂಥ ಮೈದಾನ. ಮೆಲ್ಬರ್ನ್ ಕ್ರಿಕೆಟ್ ಗ್ರೌಂಡಿನಲ್ಲಿ ಆಡುವ ಜಾಗದ ಉದ್ದ ಸುಮಾರು 160, ಅಗಲ ಸುಮಾರು 138, ಅದು ಕುಂಬಳಕಾಯಿ. ಅಗಲದಲ್ಲಿ ಹದಿನಾರು ಮೀಟರ್ ವ್ಯತ್ಯಾಸ. ಕೇಳಿದರೆ ಏನು ಮಹಾ ಅನ್ನಿಸುತ್ತದೆ. ಆಗಲೇ ನೆನಪಿಟ್ಟುಕೊಳ್ಳಿ ಅಂದೆನಲ್ಲ, ಮಾರ್ಕ್ ಆಗಲು ಚೆಂಡು ಎಷ್ಟು ದೂರ ಹಾರಬೇಕು? ಹದಿನೈದು ಮೀಟರ್. ಅಂದರೆ ಮೆಲ್ಬರ್ನ್ ಮೈದಾನ ಸುಬಿಯಾಕೊಗಿಂತ ಹೆಚ್ಚುಕಡಿಮೆ ಒಂದು ಮಾರ್ಕ್‌ನಷ್ಟು ಹೆಚ್ಚು ಅಗಲ. ಇನ್ನೊಬ್ಬ ಆಟಗಾರ ಆರಾಮವಾಗಿ ನಿಲ್ಲಲು ಇನ್ನೊಂದು ಜಗಲಿ.

ಈಗಲ್ಸ್‌ನ ಆ ವರ್ಷದ ಆಟದ ಕಡೆ ನೋಡಿ. ಅದರ ರಕ್ಷಣೆಯ ಇಬ್ಬರು ಗಟ್ಟಿಗರು ಸೀಸನ್ ಶುರುವಾಗುವ ಹೊತ್ತಿಗೇ ಮಂಡಿ ಮುರಿದುಕೊಂಡು ಮನೆ ಸೇರಿದ್ದರು. ಒಬ್ಬನಿಗೊಬ್ಬ ಕಾವಲು ಅನ್ನುವ ಹಳೇ ಪದ್ಧತಿ ನಡೆಯುವ ಹಾಗಿರಲಿಲ್ಲ. ಕೋಚ್ ಆಡಮ್ ಸಿಂಪ್ಸನ್ ಬಲೆ ಹೆಣೆದರು. ಇಲ್ಲಿನವರು ಅದನ್ನು 'ವೆಬ್' ಅಂತಲೇ ಕರೆದರು. ಪ್ರತಿಯೊಬ್ಬನೂ ಎದುರಾಳಿಯನ್ನು ಕಾಯುವುದಿಲ್ಲ, ಒಂದೊಂದು ತುಂಡು ಜಾಗವನ್ನು ಕಾಯುತ್ತಾನೆ. ಚೆಂಡು ಎಡಕ್ಕೆ ಹೋದರೆ ಇಡೀ ಬಲೆ ಎಡಕ್ಕೆ ಸರಿಯುತ್ತದೆ, ಬಲಕ್ಕೆ ಹೋದರೆ ಬಲಕ್ಕೆ. ಎದುರಾಳಿ ದಿಕ್ಕು ಕಾಣದೆ ಗಡಿಗೆರೆಯುದ್ದಕ್ಕೂ ಉದ್ದಕ್ಕೆ ಒದೆಯುತ್ತಾನೆ. ಅಲ್ಲಿ ಜೆರೆಮಿ ಮೆಕ್‌ಗವರ್ನ್ ಅನ್ನುವ ಎತ್ತರದ ಹುಡುಗ ಕಾದಿರುತ್ತಾನೆ, ಮರದಿಂದ ಹಲಸು ಇಳಿಸುವವನ ಹಾಗೆ ಚೆಂಡನ್ನು ಇಳಿಸಿಕೊಳ್ಳುತ್ತಾನೆ.

ಕಬಡ್ಡಿ ಆಡಿದವರಿಗೆ ಇದು ಚೆನ್ನಾಗಿ ಗೊತ್ತು. ಕೈ ಕೈ ಹಿಡಿದ ಸರಪಳಿ ರೈಡರ್ ಹೋದ ಕಡೆ ಸರಿಯುತ್ತದಲ್ಲ, ಹಾಗೆ. ಅಂಕಣ ಹತ್ತು ಮೀಟರ್ ಅಗಲ ಇರುವವರೆಗೆ ಸರಪಳಿ ಸೊಗಸು. ಅದೇ ಸರಪಳಿಯನ್ನು ಹನ್ನೊಂದೂಕಾಲು ಮೀಟರ್ ಅಗಲದ ಅಂಕಣದಲ್ಲಿ ನಿಲ್ಲಿಸಿ ನೋಡಿ. ಕೈ ಬಿಡಬೇಕು, ಇಲ್ಲವೇ ಮೂಲೆ ಬಿಡಬೇಕು.

ಸುಬಿಯಾಕೊದಲ್ಲಿ ಈ ಗಡಿಯಿಂದ ಆ ಗಡಿಗೆ ಚೆಂಡು ತಲುಪುವಷ್ಟರಲ್ಲಿ ಬಲೆಯೂ ತಲುಪಿರುತ್ತಿತ್ತು. ಯಾಕೆಂದರೆ ಅದನ್ನು ಹೆಣೆದದ್ದು ಆ ಅಳತೆಗೇ. ಈಗಲ್ಸ್ ಆಗ ಪಂದ್ಯ ಆಡುತ್ತಿದ್ದದ್ದೂ ಅಲ್ಲೇ, ಅಭ್ಯಾಸ ಮಾಡುತ್ತಿದ್ದದ್ದೂ ಅಲ್ಲೇ. ಇಷ್ಟು ಹೆಜ್ಜೆ ಹಾಕಿದರೆ ನನ್ನ ಜಾಗ ಮುಗಿಯಿತು, ಪಕ್ಕದವನದು ಶುರು ಅನ್ನುವುದು ಅವರ ಕಾಲಿಗೆ ಗೊತ್ತಿತ್ತು. ತಲೆಗೆ ಗೊತ್ತಿದ್ದರೆ ತಿದ್ದಬಹುದು. ಕಾಲಿಗೆ ಗೊತ್ತಿದ್ದದ್ದನ್ನು ಒಂದು ವಾರದಲ್ಲಿ ತಿದ್ದುವುದು ಹೇಗೆ? ಹೊಸ ಮನೆಗೆ ಹೋದ ಮೇಲೂ ಕತ್ತಲಲ್ಲಿ ಕೈ ಹಳೇ ಮನೆಯ ಸ್ವಿಚ್ಚು ಇದ್ದ ಎತ್ತರಕ್ಕೇ ಹೋಗುತ್ತದಲ್ಲ.

ಮೆಲ್ಬರ್ನ್‌ನಲ್ಲಿ ಹಾಥಾರ್ನ್ ಮಾಡಿದ್ದು ಇಷ್ಟೇ. ಉದ್ದಕ್ಕೆ ಒದೆಯಲಿಲ್ಲ. ಇಪ್ಪತ್ತು ಮೀಟರ್, ಮಾರ್ಕ್. ಅಡ್ಡಕ್ಕೆ ಇಪ್ಪತ್ತೈದು, ಮಾರ್ಕ್. ಮತ್ತೆ ಅಡ್ಡಕ್ಕೆ. ಬಲೆ ಎಡಕ್ಕೆ ಸರಿಯಿತು, ಬಲಕ್ಕೆ ಸರಿಯಿತು, ಇನ್ನೂ ಸ್ವಲ್ಪ ಬಲಕ್ಕೆ ಹೋಗಬೇಕಿತ್ತು, ಹೋಗಲಾಗಲಿಲ್ಲ. ಆ ಕೊನೆಯ ಹದಿನಾರು ಮೀಟರಿನಲ್ಲಿ ಕಂದುಬಣ್ಣದ ಅಂಗಿಯವನೊಬ್ಬ ಒಂಟಿಯಾಗಿ ನಿಂತಿರುತ್ತಿದ್ದ. ಹಾಥಾರ್ನ್ ಕೋಚ್ ಅಲಸ್ಟರ್ ಕ್ಲಾರ್ಕ್‌ಸನ್. ಸಿಂಪ್ಸನ್ ಈಗಲ್ಸ್‌ಗೆ ಬರುವ ಮುನ್ನ ನಾಲ್ಕು ವರ್ಷ ಅವರ ಕೈಕೆಳಗೇ ಸಹಾಯಕ ಕೋಚ್ ಆಗಿದ್ದವರು. ಶಿಷ್ಯನ ಬಲೆಯ ಗಂಟು ಎಲ್ಲೆಲ್ಲಿದೆ ಅಂತ ಗುರುವಿಗೆ ಹೇಳಿಕೊಡಬೇಕೇ?

ನಾನು ಹೇಳಲು ಬಂದ ಮಾತು ಇಲ್ಲಿದೆ. ಜನ 'ಹೊರಗಿನ ಮೈದಾನ' ಅನ್ನುವುದನ್ನೂ 'ಗಟ್ಟಿ ಎದುರಾಳಿ' ಅನ್ನುವುದನ್ನೂ ಎರಡು ಬೇರೆ ಬೇರೆ ಭಾರಗಳು, ಒಂದರ ಮೇಲೊಂದು ಹೇರಿದ್ದಾರೆ ಅನ್ನುವ ಹಾಗೆ ಮಾತಾಡುತ್ತಾರೆ. ನನಗೆ ಅವು ಒಂದೇ ಭಾರವಾಗಿ ಕಾಣುತ್ತವೆ. ಸಾಧಾರಣ ತಂಡಕ್ಕೂ ಮೆಲ್ಬರ್ನ್‌ನಲ್ಲಿ ಆ ಹದಿನಾರು ಮೀಟರ್ ಇರುತ್ತದೆ. ಆದರೆ ಅದಕ್ಕೆ ಸತತ ಐದು ಸಲ ಗುರಿಯಿಟ್ಟು ಒದೆಯುವ ಕಾಲಿಲ್ಲ. ಮೂರನೆಯದೋ ನಾಲ್ಕನೆಯದೋ ತಪ್ಪುತ್ತದೆ, ಮೆಕ್‌ಗವರ್ನ್ ಹಿಡಿಯುತ್ತಾನೆ, ಮೈದಾನದ ಅಗಲ ಲೆಕ್ಕಕ್ಕೇ ಬರುವುದಿಲ್ಲ. ಹೊಲ ಎಷ್ಟು ಎಕರೆ ಇದ್ದರೇನು, ಉಳುವ ಎತ್ತಿಲ್ಲದಿದ್ದರೆ? ಹಾಥಾರ್ನ್ ಬಳಿ ಎತ್ತಿತ್ತು.

ಇದನ್ನು ಒಪ್ಪಿದರೆ ಕಸಿವಿಸಿಯ ಇನ್ನೊಂದು ಮಾತನ್ನೂ ಒಪ್ಪಬೇಕಾಗುತ್ತದೆ. ಮನೆಯಲ್ಲಿ ಈಗಲ್ಸ್ ಅಷ್ಟು ಚೆನ್ನಾಗಿ ಆಡುತ್ತಿದ್ದದ್ದೇ ಹೊರಗಿನ ಸೋಲಿನ ಬೀಜ. ಅಂಗಿಯನ್ನು ಒಬ್ಬನ ಮೈಗೆ ಎಷ್ಟು ಸರಿಯಾಗಿ ಹೊಲಿಯುತ್ತೀರೋ ಇನ್ನೊಬ್ಬನಿಗೆ ಅದು ಅಷ್ಟು ಬಿಗಿ.

ಜನರ ಗದ್ದಲದ ಬಗ್ಗೆಯೂ ಒಂದು ಮಾತು. ಸುಬಿಯಾಕೊದ ಆ 'ಬಾಲ್' ಅರ್ಜಿಗೆ ಅಂಪೈರ್‌ಗಳು ಸ್ವಲ್ಪ ಕಿವಿಗೊಡುತ್ತಿದ್ದರು ಅನ್ನುವುದು ಪೂರ್ವದವರ ಹಳೇ ಆರೋಪ. ಅದಕ್ಕೊಂದು ಹೆಸರೂ ಇದೆ, 'ಅನುಮೋದನೆಯ ಗದ್ದಲ' ಅಂತ ನಾವು ಕನ್ನಡ ಮಾಡಬಹುದು. ನಾನೇ ಕಿರುಚಿದ್ದೇನಾದ್ದರಿಂದ ಈ ವಿಷಯದಲ್ಲಿ ಸಾಕ್ಷಿ ಹೇಳುವುದು ಸರಿಯಲ್ಲ.

ನನ್ನ ವಾದಕ್ಕೆ ತೂತುಗಳಿಲ್ಲವೇ? ಇವೆ. 1992, 1994, 2006: ಮೂರು ಸಲ ಇದೇ ಈಗಲ್ಸ್ ಇದೇ ಮೆಲ್ಬರ್ನ್ ಮೈದಾನದಲ್ಲಿ ಪ್ರೀಮಿಯರ್‌ಶಿಪ್ ಕಪ್ಪು ಎತ್ತಿತ್ತು. 1992ರಲ್ಲಂತೂ ವಿಕ್ಟೋರಿಯಾದ ಹೊರಗಿನ ತಂಡವೊಂದು ಗೆದ್ದದ್ದು ಅದೇ ಮೊದಲು. 2006ರದು ಸಿಡ್ನಿ ಎದುರು ಒಂದೇ ಒಂದು ಅಂಕದ ಗೆಲುವು. ಆಗಲೂ ಮನೆ ಸೌತೆಕಾಯಿಯೇ, ಫೈನಲ್ಲು ಕುಂಬಳಕಾಯಿಯೇ. ನಿಜ. ಆದರೆ ಆ ತಂಡಗಳು ಬಲೆಯನ್ನು ನಂಬಿ ಇಳಿದವಲ್ಲ. ಅಳತೆ ಎಲ್ಲರನ್ನೂ ಸಮನಾಗಿ ಕಾಡುವುದಿಲ್ಲ, ಅಳತೆಗೆ ತಕ್ಕ ಹಾಗೆ ಆಟ ಕಟ್ಟಿಕೊಂಡವರನ್ನು ಕಾಡುತ್ತದೆ.

ಇನ್ನೊಂದು ತೂತು 2016. ಆ ವರ್ಷ ಈಗಲ್ಸ್ ತನ್ನ ಸ್ವಂತ ಸುಬಿಯಾಕೊದಲ್ಲೇ, ಸೋತರೆ ಮನೆಗೆ ಅನ್ನುವ ಎಲಿಮಿನೇಷನ್ ಫೈನಲ್‌ನಲ್ಲಿ, ವೆಸ್ಟರ್ನ್ ಬುಲ್‌ಡಾಗ್ಸ್ ಎದುರು 47 ಅಂಕಗಳಿಂದ ಸೋತಿತು. ಹೊರಗಿನಿಂದ ಬಂದವರು ಅವರು, ಪಟ್ಟಿಯಲ್ಲಿ ಏಳನೇ ಸ್ಥಾನದವರು. ಅಲ್ಲಿಂದ ಹೊರಟ ಬುಲ್‌ಡಾಗ್ಸ್ ಹಾಥಾರ್ನ್ ಅನ್ನು ಕೆಡವಿ, ಸಿಡ್ನಿಗೆ ಹೋಗಿ ಅಲ್ಲಿನ ಗ್ರೇಟರ್ ವೆಸ್ಟರ್ನ್ ಸಿಡ್ನಿ ತಂಡವನ್ನು ಆರು ಅಂಕಗಳಿಂದ ಮುಗಿಸಿ, ಕೊನೆಗೆ ಕಪ್ಪನ್ನೇ ಎತ್ತಿಕೊಂಡು ಹೋಯಿತು. ಅವರ ಆಟ ಗುಂಪಿನೊಳಗೆ ನುಗ್ಗಿ, ಮುಷ್ಟಿಯಿಂದ ಗುದ್ದಿ ಚೆಂಡು ದಾಟಿಸುವ ಹತ್ತು ಮೀಟರಿನ ಆಟ. ಹತ್ತು ಮೀಟರು ಯಾವ ಊರಲ್ಲಾದರೂ ಹತ್ತೇ ಮೀಟರು. ಇದನ್ನು ನಾನು ನನ್ನ ಪರವಾದ ಸಾಕ್ಷಿ ಅಂತಲೇ ಎಣಿಸುತ್ತೇನೆ, ವಕೀಲರು ಮಾಡುವ ಹಾಗೆ.

ಬ್ರಿಸ್ಬೇನ್ ಲಯನ್ಸ್ ಕತೆಯೂ ಹೀಗೇ. ತಮ್ಮ ಗಾಬಾದಲ್ಲಿ ಅವರು ಅಲುಗಾಡದ ಕೋಟೆ. ಮೆಲ್ಬರ್ನ್ ಕ್ರಿಕೆಟ್ ಗ್ರೌಂಡಿನಲ್ಲಿ 2014ರಿಂದ ಎಂಟು ವರ್ಷ ಒಂದು ಗೆಲುವೂ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಹಿಂದಿನ ವರ್ಷದ ಚಾಂಪಿಯನ್ ಮೆಲ್ಬರ್ನ್ ತಂಡವನ್ನು ಅಲ್ಲೇ ಸೋಲಿಸಿ ಶಾಪ ಕಳೆದುಕೊಂಡರು. 2023ರ ಗ್ರ್ಯಾಂಡ್ ಫೈನಲ್ ನಾಲ್ಕು ಅಂಕಗಳಿಂದ ಹೋಯಿತು, 2024 ಮತ್ತು 2025ರದು ಎರಡೂ ಅವರದೇ. ಒಂದು ಕುತೂಹಲ ಗಮನಿಸಿ: ಗಾಬಾದ ಅಗಲ ಮೆಲ್ಬರ್ನ್ ಮೈದಾನದ ಅಗಲಕ್ಕೆ ಬಹಳ ಹತ್ತಿರ. ಹಾಗಾಗಿ ಅವರ ವಿಷಯದಲ್ಲಿ ನನ್ನ ಟೇಪು ಏನನ್ನೂ ಹೇಳುವುದಿಲ್ಲ. ಅಲ್ಲಿ ಬೇರೆ ಏನೋ ಇತ್ತು; ತಂಡ ಎಳೆಯದಾಗಿತ್ತು, ಬೆಳೆಯಿತು, ಅಷ್ಟೇ ಇರಬಹುದು.

ಈ ಮೆಲ್ಬರ್ನ್ ಮೈದಾನ ನಮಗೂ ಹೊಸದಲ್ಲ ಬಿಡಿ. 1977-78ರ ಪ್ರವಾಸದಲ್ಲಿ ನಮ್ಮ ಚಂದ್ರಶೇಖರ್ ಇಲ್ಲಿ ಎರಡೂ ಇನಿಂಗ್ಸ್‌ನಲ್ಲಿ ತಲಾ 52 ರನ್ ಕೊಟ್ಟು ತಲಾ ಆರು ವಿಕೆಟ್ ತೆಗೆದರು. ಆಸ್ಟ್ರೇಲಿಯಾದ ನೆಲದಲ್ಲಿ ಭಾರತಕ್ಕೆ ಅದೇ ಮೊದಲ ಟೆಸ್ಟ್ ಗೆಲುವು. 1981ರಲ್ಲಿ ಇಲ್ಲೇ ವಿಶ್ವನಾಥ್ 114 ಹೊಡೆದ ಟೆಸ್ಟನ್ನೂ ಗೆದ್ದೆವು. ಸ್ಪಿನ್ನರು ಮನೆಯಲ್ಲಷ್ಟೇ ಹುಲಿ ಅನ್ನುತ್ತಿದ್ದ ಕಾಲವದು. ಆದರೆ ಚಂದ್ರ ಅವರ ಚೆಂಡು ಪಿಚ್ಚಿಗಿಂತ ಹೆಚ್ಚಾಗಿ ಗಾಳಿಯನ್ನೂ ಅವರ ಮಣಿಕಟ್ಟನ್ನೂ ನಂಬಿತ್ತು. ಮಣಿಕಟ್ಟು ವಿಮಾನದಲ್ಲಿ ಜೊತೆಗೇ ಬರುತ್ತದೆ.

ಮತ್ತೆ ಪರ್ತ್‌ಗೆ ಬರೋಣ. ಗ್ರ್ಯಾಂಡ್ ಫೈನಲ್ ಮೆಲ್ಬರ್ನ್‌ನಲ್ಲೇ ಅಂತ 2059ರವರೆಗೆ ಒಪ್ಪಂದವಾಗಿದೆ. ಕೋವಿಡ್‌ನ ಎರಡು ವರ್ಷ ಬಿಟ್ಟರೆ ಅದು ಕದಲಿಲ್ಲ. ಮೈದಾನ ಬರುವುದಿಲ್ಲ ಅಂದಮೇಲೆ ನಾವೇ ಹೋಗಬೇಕು. 2018ರಲ್ಲಿ ಈಗಲ್ಸ್ ಸುಬಿಯಾಕೊ ಬಿಟ್ಟು ನದಿಯಾಚೆಯ ಹೊಸ ಕ್ರೀಡಾಂಗಣಕ್ಕೆ ಬಂತು. ಅದರ ಉದ್ದ 165, ಅಗಲ 130. ಅಗಲದಲ್ಲಿ ಸೌತೆಕಾಯಿಗೂ ಕುಂಬಳಕಾಯಿಗೂ ಸರಿಯಾಗಿ ಅರ್ಧ ದಾರಿ. ಆಟವೂ ಬದಲಾಗಿತ್ತು. ಬಲೆ ಇತ್ತು, ಆದರೆ ಚೆಂಡು ಸಿಕ್ಕ ಮೇಲೆ ಈಗಲ್ಸ್ ತಾನೇ ಹಾಥಾರ್ನ್‌ನ ಹಾಗೆ ಜಗಲಿಯಿಂದ ಜಗಲಿಗೆ ಹೋಗುವುದನ್ನು ಕಲಿತಿತ್ತು. ಆ ಜುಲೈನಲ್ಲಿ ಮೆಲ್ಬರ್ನ್‌ಗೆ ಹೋಗಿ ಕಾಲಿಂಗ್‌ವುಡ್ ತಂಡವನ್ನು 35 ಅಂಕಗಳಿಂದ ಸೋಲಿಸಿತು. ಸೆಪ್ಟೆಂಬರ್ 29ರ ಗ್ರ್ಯಾಂಡ್ ಫೈನಲ್‌ನಲ್ಲೂ ಎದುರು ಅದೇ ಕಾಲಿಂಗ್‌ವುಡ್, ಲಕ್ಷ ಜನ.

ಆ ಪಂದ್ಯವನ್ನು ನಾನು ನೋಡಿದ್ದು ಪಕ್ಕದ ಮನೆಯಲ್ಲಿ. ಅವರು ರೈಲ್ವೆಯಿಂದ ನಿವೃತ್ತರಾದವರು. ನಮ್ಮಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಆಟ ಶುರು. 2015ರಲ್ಲೂ ನಾವು ಅಲ್ಲೇ ಕೂತಿದ್ದೆವು. ಆ ದಿನ ಮೂರನೇ ಕ್ವಾರ್ಟರ್‌ನಲ್ಲಿ ಅವರು ಮಾತಿಲ್ಲದೆ ಎದ್ದು ಹೋಗಿ ಹಿತ್ತಲಲ್ಲಿ ಸಾಸೇಜು ಸುಡುತ್ತಾ ನಿಂತುಬಿಟ್ಟಿದ್ದರು. ಈ ಸಲ ಕಾಲಿಂಗ್‌ವುಡ್ ಮೊದಲ ಐದು ಗೋಲುಗಳನ್ನೂ ತಾನೇ ಹೊಡೆಯಿತು. ಐದನೆಯದಕ್ಕೆ ಅವರು ಎದ್ದು ಹಿತ್ತಲಿಗೆ ಹೋದರು. ಅವರು ಹೊರಗೆ ಹೋದ ಮೇಲೆ ಈಗಲ್ಸ್ ಒಂದು ಗೋಲು ಹೊಡೆಯಿತು. ಅಷ್ಟೇ, ಮತ್ತೆ ಅವರು ಒಳಗೆ ಬರಲಿಲ್ಲ. ಸೊಳ್ಳೆಪರದೆಯ ಬಾಗಿಲಿನ ಆಚೆ ನಿಂತು, ಜಾಲರಿಗೆ ಮೂಗು ತಾಗಿಸಿಕೊಂಡು ಎರಡು ಗಂಟೆ ನೋಡಿದರು. ಒಳಗೆ ಬನ್ನಿ ಅಂತ ಅವರ ಹೆಂಡತಿಯೂ ಕರೆಯಲಿಲ್ಲ. ಇಂಥದ್ದೆಲ್ಲ ನಮ್ಮಲ್ಲಿ ಮಾತ್ರ ಇದೆ ಅಂದುಕೊಂಡಿದ್ದೆ.

ಕೊನೆಯ ಎರಡು ಮೂರು ನಿಮಿಷ. ಈಗಲ್ಸ್ ಹಿಂದಿದೆ. ಚೆಂಡು ನಮ್ಮ ಗೋಲಿನ ಕಡೆ ಬಂತು. ಪಕ್ಕೆಲುಬು ಮುರಿದುಕೊಂಡೇ ಆಡುತ್ತಿದ್ದ ಮೆಕ್‌ಗವರ್ನ್, ಅದೇ ಹಲಸು ಇಳಿಸುವವ, ಇಳಿಸಿಕೊಂಡ. ಅವನಿಂದ ಜೊತೆಗಾರ ನೇಥನ್ ವಾರ್ಡಿಗೆ, ಮಾರ್ಕ್. ವಾರ್ಡಿಯಿಂದ ಲಿಯಮ್ ರಯನ್‌ಗೆ, ತಲೆ ಮೇಲಿಂದ ಹಾರಿ ಹಿಡಿದ ಮಾರ್ಕ್. ರಯನ್‌ನಿಂದ ಡಾಮ್ ಶೀಡ್‌ಗೆ, ಮಾರ್ಕ್. ಒಬ್ಬ ಎದುರಾಳಿಯ ಕೈಯೂ ತಗಲಲಿಲ್ಲ. ಶೀಡ್ ನಿಂತದ್ದು ಗಡಿಗೆರೆಯ ಮಗ್ಗುಲಲ್ಲಿ, ಬಲ ಮೂಲೆಯಲ್ಲಿ, ಆ ಅಗಲ ಮೈದಾನದ ಕಟ್ಟಕಡೆಯ ಜಾಗದಲ್ಲಿ. ಅಲ್ಲಿಂದ ಎರಡು ಕಂಬಗಳ ನಡುವಿನ ಸಂದಿ ಅರ್ಧ ತೆರೆದ ಬಾಗಿಲಿನಷ್ಟೂ ಕಾಣುವುದಿಲ್ಲ. ಎದುರಿನ ಸ್ಟ್ಯಾಂಡಿನಲ್ಲಿ ಕಾಲಿಂಗ್‌ವುಡ್‌ನ ಕಪ್ಪು ಬಿಳಿ ಬಣ್ಣ ತೊಟ್ಟ ಜನ ಎದ್ದು ಬೊಬ್ಬೆ ಹಾಕುತ್ತಿದ್ದಾರೆ.

ಎಡಗಾಲಿನಿಂದ ಒದ್ದ. ಚೆಂಡು ಒಳಗೆ ಹೋಯಿತು.

ಸೈರನ್ ಆದಾಗ ಟಿವಿಯ ಮುಂದೆ ನಾವೆಲ್ಲ ಎದ್ದು ನಿಂತು ಅಡ್ಡವಾಗಿದ್ದೆವು. ಜಾಲರಿಯ ಆಚೆಯಿಂದ ಅವರಿಗೆ ಪರದೆ ಕಾಣುತ್ತಿರಲಿಲ್ಲ.

'ಎಷ್ಟರಲ್ಲಿ?' ಅಂತ ಕೇಳಿದರು.

'ಐದು' ಅಂದೆ.

'ಯಾರು?' ಅಂದರು.